ಏಳು ಪಾಯಿಂಟ್ ನಾಲ್ಕು

ಸೆಟ್ಟಿನ ಹಿಂಬದಿಯ ಮುಚ್ಚಳವನ್ನು ಹೆಬ್ಬೆರಳಿನಲ್ಲಿ ಒತ್ತಿ ಜಾರಿಸಿದಾಗ ಒಳಗೆ ಅವಳಿಗೆ ಗುರುತಿಲ್ಲದ ಬ್ಯಾಟರಿ ಕೂತಿತ್ತು. ಅಷ್ಟರಲ್ಲಿ ಅಡುಗೆಕಟ್ಟೆಯನ್ನು ಒರೆಸಿ ಆಗಿತ್ತು, ಚಾರ್ಜರನ್ನು ಸ್ಟೀಲ್ ತಟ್ಟೆಯ ಮೇಲಿಟ್ಟು ತಂತಿಯ ಸಿಕ್ಕು ಬಿಡಿಸಿಯೂ ಆಗಿತ್ತು. ಶನಿವಾರ ಸಂಜೆ ಸೊಪ್ಪು ಸೋಸುವಷ್ಟೇ ಸಲೀಸಾಗಿ ಅವಳ ಕೈ ಈ ಕೆಲಸ ಮಾಡುತ್ತಿತ್ತು. ಆದರೆ ಹಸಿರು ಹೊದಿಕೆಯ, ಗುಂಡು ಸೆಲ್ಲುಗಳ ಹಳೆಯ ಬ್ಯಾಟರಿ ಇರಬೇಕಾದ ಜಾಗದಲ್ಲಿ ಚಪ್ಪಟೆಯಾದ ನೀಲಿ ವಸ್ತುವೊಂದು ಇತ್ತು. ಅದರ ತಂತಿಯ ತುದಿಗೂ ಚಾರ್ಜರಿನ ತುದಿಗೂ ಹೊಂದಾಣಿಕೆಯೇ ಇರಲಿಲ್ಲ.

ಸೆಟ್ಟು ಎಂದರೆ ಅವಳ ಗಂಡ ಭಾನುವಾರ ಬೆಳಗ್ಗೆ ವಿಮಾನ ಹಾರಿಸುವಾಗ ಕೊರಳಿಗೆ ತೂಗುಹಾಕಿಕೊಳ್ಳುವ ರೇಡಿಯೊ ಪೆಟ್ಟಿಗೆ. ಆಟಿಕೆ ವಿಮಾನ ಎಂದರೆ ಅವನಿಗೆ ಸಿಟ್ಟು. ಮಾದರಿ ವಿಮಾನ ಎನ್ನಬೇಕು. ಚಾಚಿದ ತೋಳಿನಷ್ಟು ಉದ್ದದ ರೆಕ್ಕೆ, ಎಣ್ಣೆ ಕುಡಿದು ಅರಚುವ ನಿಜವಾದ ಎಂಜಿನ್ನು. ವಿಮಾನ ಮೇಲಿರುವಾಗಲೇ ಸೆಟ್ಟಿನ ಬ್ಯಾಟರಿ ಮುಗಿದರೆ ಅದಕ್ಕೆ ದಿಕ್ಕು ಹೇಳುವವರು ಯಾರೂ ಇಲ್ಲ, ಯಾರ ತಲೆಯ ಮೇಲಾದರೂ ಬಿದ್ದೀತು. ಹಾಗಾಗದಿರಲೆಂದು ಬ್ಯಾಟರಿ ಒಂದು ಮಟ್ಟಕ್ಕೆ ಇಳಿದಾಗ ಸೆಟ್ಟು ಬೀಪ್ ಬೀಪ್ ಎಂದು ಕೂಗುತ್ತದೆ.

"ರೀ, ಇದೇನ್ರೀ ಇದು?"

ಗಂಡ ಹಿತ್ತಲ ಬಾಗಿಲಲ್ಲಿ ಕೂತು ರೆಕ್ಕೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒರೆಸುತ್ತಿದ್ದ. ತಲೆ ಎತ್ತಲಿಲ್ಲ.

"ಲಿಥಿಯಂ. ನಮ್ಮ ಜೊತೆ ಹಾರಿಸ್ತಾನಲ್ಲ, ಆ ಮಾತ್ರೆ ಅಂಗಡಿಯವನು ಕೊಟ್ಟ, ಅವನ ಹತ್ರ ಹೆಚ್ಚಿಗೆ ಇತ್ತಂತೆ. ಇನ್ಮೇಲೆ ಆ ಹಳೇ ಇಟ್ಟಿಗೇನ ರಾತ್ರಿಯೆಲ್ಲ ಚಾರ್ಜಿಗೆ ಹಾಕೋ ತಾಪತ್ರಯ ಇಲ್ಲ ನಿಂಗೆ."

"ಇದನ್ನ ಚಾರ್ಜ್ ಮಾಡೋದು ಹೇಗೆ?"

"ಮಾಡೋದೇ ಬೇಡ. ಫುಲ್ ಇದೆ." ಅವನು ರೆಕ್ಕೆಯನ್ನು ಗೋಡೆಗೆ ಒರಗಿಸಿ ಒಳಗೆ ಬಂದ. "ಆನ್ ಮಾಡು. ಪರದೆ ಮೇಲೆ ಎಷ್ಟಿದೆ?"

"ಏಳು ಪಾಯಿಂಟ್ ನಾಲ್ಕು."

"ಬ್ಯಾಟರಿ ಮೈಮೇಲೆ ಏನು ಬರೆದಿದೆ ಓದು."

"ಏಳು ಪಾಯಿಂಟ್ ನಾಲ್ಕು ವೋಲ್ಟ್."

"ಮತ್ತೆ? ಬಾಯಿ ತನಕ ತುಂಬಿದೆ ಕಣೇ. ಇನ್ನೂ ಸುರಿದ್ರೆ ಚೆಲ್ಲುತ್ತೆ."

ಅವಳಿಗೆ ಏನೋ ಸರಿ ಕಾಣಲಿಲ್ಲ. "ಹಳೇದರ ಮೇಲೆ ಏಳು ಪಾಯಿಂಟ್ ಎರಡು ಅಂತ ಇತ್ತು. ಆದ್ರೆ ತುಂಬಿದಾಗ ಎಂಟರ ಹತ್ರ ತೋರಿಸ್ತಿತ್ತಲ್ಲ?"

"ಅದು ಹಳೇದು, ಬಡಾಯಿ ಕೊಚ್ಕೊಳ್ತಿತ್ತು. ಇದು ಹೇಳಿದ ಮಾತಿಗೆ ನಿಲ್ಲುತ್ತೆ."

"ಅಲಾರಂ?"

"ಹಳೇ ಮಟ್ಟಕ್ಕೇ ಇದೆ. ಬೀಪ್ ಅಂದ ತಕ್ಷಣ ಇಳಿಸ್ತೀನಿ. ಇಷ್ಟು ದೊಡ್ಡ ಕಿವಿ ಇಟ್ಕೊಂಡಿರೋದು ಮತ್ಯಾಕೆ?"

ಅವಳು ಮುಚ್ಚಳವನ್ನು ಮುಚ್ಚಿದಳು. ಚಾರ್ಜರಿನ ತಂತಿಯನ್ನು ಮತ್ತೆ ಸುರುಳಿ ಸುತ್ತಿ ಕಪಾಟಿನಲ್ಲಿಟ್ಟಳು. ಕೈ ಖಾಲಿಯಾಯಿತು. ಒಂದು ಕೆಲಸ ಕಡಿಮೆಯಾದ ನೆಮ್ಮದಿಯೂ, ತನ್ನದೊಂದು ಹಕ್ಕನ್ನು ಕೇಳದೆಯೇ ಎತ್ತಿಕೊಂಡುಹೋದಂಥ ಬೇಸರವೂ ಒಟ್ಟಿಗೇ ಬಂದವು. ಯಾವುದು ಹೆಚ್ಚು ಎಂದು ಅವಳಿಗೇ ಗೊತ್ತಾಗಲಿಲ್ಲ.

ಕಿವಿಯ ಮಾತು ಬಂದಾಗಲೆಲ್ಲ ಅವಳು ಸುಮ್ಮನಾಗಿಬಿಡುತ್ತಿದ್ದಳು. ಗಂಡ ಸ್ಕೂಟರು, ಬೈಕು ರಿಪೇರಿ ಮಾಡುವ ಮೆಕ್ಯಾನಿಕ್. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತುಕೊಳ್ಳುತ್ತಾನೆ; ಆಮೇಲೆ ಬೇರಿಂಗ್ ಸವೆದಿದೆ, ಸರಪಳಿ ಸಡಿಲಾಗಿದೆ ಎಂದು ಹೇಳುತ್ತಾನೆ. ಬಿಚ್ಚಿ ನೋಡಿದರೆ ಹಾಗೇ ಇರುತ್ತದೆ. ಬೇರೆ ಗ್ಯಾರೇಜಿನವರು ಕೈಚೆಲ್ಲಿದ ಗಾಡಿಗಳು ಅವನ ಬಳಿ ಬರುತ್ತಿದ್ದವು. ಆ ಕಿವಿ ಅವನ ಅನ್ನವಷ್ಟೇ ಅಲ್ಲ, ಅವನ ಮೀಸೆಯೂ ಹೌದು.

ಕಳೆದ ಚಳಿಗಾಲದಲ್ಲಿ ಅವನಿಗೆ ಜ್ವರ ಬಂದಿತ್ತು. ಥರ್ಮಾಮೀಟರನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತ. ಅದು ಕೂಗಿತು, ಕೂಗಿ ಸುಮ್ಮನಾಯಿತು. ಅವನು ಕೂತೇ ಇದ್ದ. ಕೊನೆಗೆ ತೆಗೆದು ಅಲುಗಾಡಿಸಿ, "ಇದು ಸತ್ತೋಗಿದೆ ಕಣೇ, ಕೂಗ್ತಾನೇ ಇಲ್ಲ" ಎಂದ. ಆಗ ಅವಳಿಗೆ ನಗು ಬಂದಿತ್ತು. ನಗು ನಿಂತ ಮೇಲೆ ಫ್ರಿಜ್ಜಿನ ಬಾಗಿಲನ್ನು ತೆರೆದೇ ಬಿಟ್ಟು ನೋಡಿದಳು. ಅದು ಸಣ್ಣ ದನಿಯಲ್ಲಿ ಗೋಳಿಡುತ್ತಿದ್ದರೂ ಅವನು ಪಕ್ಕದಲ್ಲೇ ನೀರು ಕುಡಿದು ಹೋದ. ಅದೇ ಅವಳು ಪಾತ್ರೆಯನ್ನು ಸ್ವಲ್ಪ ಜೋರಾಗಿ ಕುಕ್ಕಿದರೆ ಹೊರಗಿನಿಂದಲೇ "ಯಾರ ಮೇಲೆ ಕೋಪ?" ಎನ್ನುತ್ತಿದ್ದ. ದಪ್ಪ ಶಬ್ದಗಳೆಲ್ಲ ಇದ್ದವು. ತೆಳ್ಳಗಿನವು, ಸೂಜಿಯಂಥವು, ಯಾವಾಗಲೋ ಎದ್ದು ಹೋಗಿದ್ದವು. ಹೋದದ್ದು ಅವನಿಗೆ ಗೊತ್ತಿರಲಿಲ್ಲ. ಕೇಳಿಸದ್ದು ಕೇಳಿಸುತ್ತಿಲ್ಲ ಎಂದು ಯಾರಿಗೆ ತಾನೇ ಗೊತ್ತಾಗುತ್ತದೆ?

ಅಲ್ಲಿಂದೀಚೆಗೆ ಅವಳು ಒಂದು ಭಾನುವಾರವೂ ತಪ್ಪಿಸದೆ ಮೈದಾನಕ್ಕೆ ಹೋಗುತ್ತಿದ್ದಳು. ಅವನ ಹಿಂದೆ, ಎಡಕ್ಕೆ, ಪರದೆ ಕಾಣುವಂತೆ ನಿಲ್ಲುವಳು. ಬೀಪ್ ಬಂದಾಗ "ರೀ, ಬೆನ್ನು ನೋಯ್ತಿದೆ, ಹೋಗೋಣ" ಎನ್ನುವಳು. ಇಲ್ಲವೇ ಹಸಿವು, ಇಲ್ಲವೇ ಮನೆಯಲ್ಲಿ ನಲ್ಲಿ ಬಿಟ್ಟು ಬಂದ ನೆನಪು. ಹಳೆಯ ಬ್ಯಾಟರಿ ಬೀಪ್ ಎಂದ ಮೇಲೂ ಸಾಕಷ್ಟು ಹೊತ್ತು ತಾಳುತ್ತಿತ್ತು, ಆದ್ದರಿಂದ ನೆಪ ಹುಡುಕಲು ಅವಸರವಿರಲಿಲ್ಲ. ಜೊತೆಗೆ ಹಾರಿಸುವ ಗಣಿತದ ಮೇಷ್ಟ್ರು ನಗುತ್ತಿದ್ದರು: "ಅಮ್ಮಾವ್ರು ಕರೆದ್ರೆ ಮನುಷ್ಯ ಏನು, ವಿಮಾನಾನೂ ಇಳಿಯುತ್ತೆ!" ಗಂಡ, "ಮದುವೆ ಆದವನಿಗೆ ಆಕಾಶ ಎಲ್ಲಿ ಮೇಷ್ಟ್ರೆ" ಎಂದು ಎಲ್ಲರನ್ನೂ ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು.

ಈ ವಾರ ಅವಳಿಗೆ ಬೇರೆಯದೊಂದು ಯೋಚನೆ ಹತ್ತಿತ್ತು. ಅವಳದು ಕಟ್ಟುಹಲ್ಲು ಮಾಡುವ ಕೆಲಸ. ದಂತವೈದ್ಯರ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಪ್ಲಾಸ್ಟರಿನ ಅಚ್ಚು ಹುಯ್ದು, ಮೇಣದಲ್ಲಿ ಒಂದೊಂದೇ ಹಲ್ಲು ನಿಲ್ಲಿಸುತ್ತಾಳೆ. ಮದುವೆಯಾಗುವ ಮೊದಲಿನಿಂದ ಮಾಡಿಕೊಂಡು ಬಂದದ್ದು. ಬುಧವಾರ ಡಾಕ್ಟರಮ್ಮ ಅಲ್ಲಿಗೆ ಬಂದು, ಕೈಗವಸು ಬಿಚ್ಚುತ್ತ ಹೇಳಿದ್ದರು:

"ಹೊಸದಾಗಿ ಈ ಕೆಲಸ ಕಲಿಯೋ ಹುಡುಗೀರಿಗೆ ತರಗತಿ ಶುರು ಮಾಡ್ತಿದೀವಿ. ಕಲಿಸೋರು ಬೇಕು. ನಂಗೆ ನಿಮ್ಮನ್ನ ಬಿಟ್ಟು ಬೇರೆ ಯಾರೂ ತೋಚಲಿಲ್ಲ."

"ನಾನಾ? ನಂಗೆ ಮಾತಾಡೋಕೆ ಎಲ್ಲಿ ಬರುತ್ತೆ ಡಾಕ್ಟ್ರೇ."

"ದಿನಾ ಆ ಹಲ್ಲುಗಳ ಜೊತೆ ಮಾತಾಡ್ತೀರಲ್ಲ, ನಾನು ಕೇಳಿಸಿಕೊಂಡಿದೀನಿ. ಅದನ್ನೇ ಸ್ವಲ್ಪ ಜೋರಾಗಿ ಆಡಿ. ಭಾನುವಾರ ಬೆಳಗ್ಗೆ ಮಾತ್ರ. ಬೇರೆ ದಿನ ಅವರಿಗೂ ಕೆಲಸ ಇರುತ್ತೆ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಮೊದಲನೇದು. ಮಂಗಳವಾರದೊಳಗೆ ಹೇಳಿ."

ನೋಡಿ ಹೇಳ್ತೀನಿ ಎಂದಿದ್ದಳು. ಅಂದಿನಿಂದ ಮನಸ್ಸು ಆ ತರಗತಿಯಲ್ಲೇ ಓಡಾಡುತ್ತಿತ್ತು. ಮೊದಲ ದಿನ ಏನು ಹೇಳಬೇಕೆಂಬುದೂ ಗೊತ್ತಿತ್ತು: ಮುಂದಿನ ಹಲ್ಲುಗಳನ್ನು ಒಂದೇ ಸಾಲಿಗೆ ನಿಲ್ಲಿಸಬೇಡಿ ಹುಡುಗೀರಾ, ಒಂದನ್ನು ಕೂದಲೆಳೆಯಷ್ಟು ತಿರುಗಿಸಿ. ಅಷ್ಟು ಮಾಡಿದರೆ ಆ ನಗು ಹಾಕಿಕೊಂಡವರದೇ ಆಗುತ್ತದೆ. ಇಷ್ಟು ವರ್ಷ ಬೆರಳಲ್ಲೇ ಉಳಿದಿದ್ದ ಮಾತುಗಳು ಈಗ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಆದರೆ ಭಾನುವಾರ ಬೆಳಗ್ಗೆ ಅವಳು ಗಂಡನ ಹಿಂದೆ, ಎಡಕ್ಕೆ ನಿಲ್ಲಬೇಕು. ಯಾಕೆ ಎಂದು ಅವನಿಗೆ ಹೇಳದೆ ಬಿಟ್ಟು ಹೋಗುವಂತಿಲ್ಲ. ಹೇಳಿದರೆ ಆ ದೊಡ್ಡ ಮನುಷ್ಯ ಸ್ಕ್ರೂಡ್ರೈವರನ್ನು ಕಿವಿಗೆ ಆನಿಸುವಾಗ ಏನೆಂದುಕೊಂಡಾನು?

ಭಾನುವಾರ ಗೋದಾಮುಗಳ ಹಿಂದಿನ ಬಯಲಿನಲ್ಲಿ ಗಾಳಿ ಇರಲಿಲ್ಲ. ಹಾರಿಸಲು ಇಂಥ ದಿನ ಸಿಗುವುದು ಅಪರೂಪ ಎಂದು ಗಂಡ ಹಾದಿಯುದ್ದಕ್ಕೂ ಹೇಳುತ್ತ ಬಂದಿದ್ದ. ಮೊದಲ ಸಲ ಹಾರಿಸಿ ಇಳಿಸಿದವನು ಸೆಟ್ಟನ್ನು ಆರಿಸದೆ ಮೇಜಿನ ಮೇಲಿಟ್ಟು ಮೇಷ್ಟ್ರ ಎಂಜಿನ್ನಿನ ಕಡೆಗೆ ನಡೆದ.

"ಮೇಷ್ಟ್ರೆ, ನಿಮ್ಮದು ಎಣ್ಣೆ ಸಾಲದೆ ಅಳ್ತಿದೆ. ಎಣ್ಣೆ ಬಿಡೋ ಆ ಸೂಜಿ ಒಂಚೂರು ಬಿಚ್ಚಿ."

"ಅಷ್ಟು ದೂರಕ್ಕೆ ಕೇಳಿಸ್ತಾ?"

"ಕಿವಿ ಸ್ವಾಮಿ, ಕಿವಿ!"

ಸೂಜಿ ತಿರುಗಿಸಿದ ಕೂಡಲೆ ಎಂಜಿನ್ನಿನ ದನಿ ತುಂಬಿಕೊಂಡಿತು. ಮೇಷ್ಟ್ರು ಕೈಮುಗಿದರು. ಗಂಡ ಬೀಗುತ್ತ ಬಂದು ಸೆಟ್ಟನ್ನು ಕೊರಳಿಗೆ ಹಾಕಿಕೊಂಡ, ಅವಳು ಅವನ ಹಿಂದೆ, ಎಡಕ್ಕೆ ನಿಂತಳು.

ಎರಡನೆಯ ಸಲ ವಿಮಾನ ಮೇಲೇರಿ, ಬಯಲಿನ ಆ ತುದಿಯಲ್ಲಿ ಚೆಂಡಾಡುತ್ತಿದ್ದ ಮಕ್ಕಳನ್ನೂ ದಾಟಿ, ತಲೆಕೆಳಗಾಗಿ ಹಿಂತಿರುಗಿತು. ಆಗ ಬೀಪ್ ಬಂತು. ಅವಳು ಇಣುಕಿದಳು. ಆರು ಪಾಯಿಂಟ್ ಆರು. ಹಳೆಯ ಬ್ಯಾಟರಿಯೂ ಅಲ್ಲೇ ಕೂಗುತ್ತಿದ್ದದ್ದು. ಸಮಯವಿದೆ ಎಂದುಕೊಂಡಳು.

"ರೀ, ನೀರು ಕುಡೀತೀರಾ?"

"ಇಳಿಸಿದ ಮೇಲೆ."

ಮತ್ತೆ ನೋಡಿದಾಗ ಆರು ಪಾಯಿಂಟ್ ಐದು. ಹಳೆಯದಾದರೆ ಅಷ್ಟು ಬೇಗ ಇಳಿಯುತ್ತಿರಲಿಲ್ಲ. ಅವಳು ನೋಡುತ್ತಿದ್ದಂತೆಯೇ ಐದು ನಾಲ್ಕಾಯಿತು. ಕಾಲು ಜಾರಿದವರು ಮೆಟ್ಟಿಲಿಳಿಯುವ ಹಾಗೆ ಅಂಕಿ ಇಳಿಯುತ್ತಿತ್ತು.

"ರೀ, ಇಳಿಸಿಬಿಡಿ. ಬ್ಯಾಟರಿ."

ಅವನು ಆಕಾಶದಿಂದ ಕಣ್ಣು ತೆಗೆಯದೆ ನಕ್ಕ. "ಬೀಪ್ ಬರಲಿ ತಾಳೇ. ಇನ್ನೂ ಬಂದೇ ಇಲ್ಲ."

ಬೀಪ್ ಬರುತ್ತಿತ್ತು. ಅವನ ಎರಡು ಮಾತುಗಳ ನಡುವೆಯೂ ಬಂತು, ಮಾತು ಮುಗಿದ ಮೇಲೂ ಬಂತು. ಪಕ್ಕದಲ್ಲಿ ಪ್ರೊಪೆಲ್ಲರ್ ಬಿಗಿಯುತ್ತಿದ್ದ ಮೇಷ್ಟ್ರ ಕೈ ನಿಂತಿತು. ಮಾತ್ರೆ ಅಂಗಡಿಯವನು ತಿರುಗಿ ಮೊದಲು ಸೆಟ್ಟನ್ನು, ಆಮೇಲೆ ಅವಳ ಮುಖವನ್ನು ನೋಡಿದ. ಆ ನೋಟಕ್ಕೆ ಅವಳು ಕಣ್ಣು ತಗ್ಗಿಸಿದಳು. ಬರ್ತಿದೆ ಕಣ್ರೀ, ನಿಮಗೆ ಕೇಳಿಸ್ತಿಲ್ಲ: ಇಷ್ಟೇ ಹೇಳಬೇಕಾಗಿದ್ದದ್ದು. ಇಬ್ಬರು ಗಂಡಸರ ಎದುರಿಗೆ ಆ ಮಾತು ಬಾಯಿಂದ ಹೊರಡಲಿಲ್ಲ. ಅವಳು ಹುಲ್ಲಿನ ಮೇಲೆ ಕುಸಿದು ಕೂತಳು.

"ರೀ, ತಲೆ ಸುತ್ತುತ್ತಿದೆ."

ಅವನು ಇಳಿಸುವ ಮುಂಚಿನ ಸುತ್ತನ್ನೂ ಹಾಕಿಸಲಿಲ್ಲ. ಇದ್ದಲ್ಲಿಂದಲೇ ವಿಮಾನವನ್ನು ನೇರವಾಗಿ ನೆಲಕ್ಕೆ ತಂದ. ಅದು ಎರಡು ಸಲ ಪುಟಿದು ಹುಲ್ಲಿನಲ್ಲಿ ಓಡಿ, ಎಂಜಿನ್ನು ಗುರುಗುಟ್ಟುತ್ತಲೇ ನಿಂತಿತು. ಅವನು ಅವಳತ್ತ ಎರಡು ಹೆಜ್ಜೆ ಇಟ್ಟಿದ್ದನಷ್ಟೇ, ಕೊರಳಿನ ಸೆಟ್ಟಿನ ಪರದೆ ಕಪ್ಪಾಯಿತು. ಸೆಟ್ಟಿನ ಸಂಕೇತ ಕಡಿದು ದೂರದಲ್ಲಿ ಎಂಜಿನ್ನು ತಾನಾಗಿ ಆರಿತು. ಅದು ಆರಿದ್ದು ಅವನಿಗೆ ತಕ್ಷಣ ಕೇಳಿಸಿತು.

"ಅದ್ಯಾಕೆ ನಿಂತಿತು?" ಎನ್ನುತ್ತ ಪರದೆ ನೋಡಿದ. "ಅಯ್ಯೋ, ಸತ್ತೇ ಹೋಗಿದೆ! ಒಂದು ಬೀಪ್ ಕೂಡ ಇಲ್ಲದೆ!"

ಮಾತ್ರೆ ಅಂಗಡಿಯವನು ಬಂದು ಸೆಟ್ಟನ್ನು ಕೈಗೆ ತೆಗೆದುಕೊಂಡ.

"ಅಣ್ಣ, ಇದನ್ನ ಚಾರ್ಜ್ ಮಾಡಿದ್ರಾ?"

"ಯಾಕೆ? ಏಳೂ ನಾಲ್ಕು ಇತ್ತಲ್ಲ, ಫುಲ್."

"ಅಯ್ಯೋ ಅಣ್ಣಾ, ಮೈಮೇಲೆ ಬರೆದಿರೋದು ಸುಮ್ನೆ ಅದರ ಹೆಸರು ಇದ್ದ ಹಾಗೆ. ತುಂಬಿದ್ರೆ ಎಂಟೂ ನಾಲ್ಕು ಬರುತ್ತೆ. ಏಳೂ ನಾಲ್ಕು ಅಂದ್ರೆ ತಳದಲ್ಲಿ ಒಂದಿಷ್ಟು ಉಳಿದಿದೆ ಅಂತ. ಅಲಾರಂನೂ ಮೇಲಕ್ಕೆ ಏರಿಸ್ಬೇಕಿತ್ತು. ಲಿಥಿಯಂ ಕೊನೇವರೆಗೂ ನಗ್ತಾ ಇರುತ್ತೆ, ಆಮೇಲೆ ಒಂದೇ ಸಲ ಬಿದ್ದುಬಿಡುತ್ತೆ. ಚಾರ್ಜರ್ ಕೊಡೋದು, ಇದೆಲ್ಲ ಹೇಳೋದು ನನ್ನ ಕೆಲಸ. ನನ್ನದೇ ತಪ್ಪು."

"ಅದಿರಲಿ. ಹಳೇ ಮಟ್ಟಕ್ಕಾದ್ರೂ ಕೂಗ್ಬೇಕಿತ್ತಲ್ಲ?"

ಮಾತ್ರೆ ಅಂಗಡಿಯವನು ಸೆಟ್ಟನ್ನು ಹಿಂದೆ ಮುಂದೆ ತಿರುಗಿಸಿದ. "ಅಲಾರಂ ಕೆಟ್ಟಿರಬಹುದು ಅಣ್ಣ," ಎಂದ. ಮೇಷ್ಟ್ರು, "ಹೌದೌದು, ಈ ಸೆಟ್ಟುಗಳ ಹಣೆಬರಹವೇ ಇಷ್ಟು" ಎಂದು ದನಿಗೂಡಿಸಿದರು.

ಗಂಡ ವಿಮಾನ ತರಲು ಹೋದಾಗ ಮಾತ್ರೆ ಅಂಗಡಿಯವನು ನೀರಿನ ಬಾಟಲಿ ಹಿಡಿದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಅಕ್ಕಾ, ಎಷ್ಟು ದಿನದಿಂದ?"

"ಚಳಿಗಾಲದಿಂದ ನಂಗೆ ಗೊತ್ತು."

"ಅದಕ್ಕೇ ನೀವು ಯಾವಾಗ್ಲೂ..." ಅವನು ಮಾತನ್ನು ಅಲ್ಲೇ ಬಿಟ್ಟ. ಮರುಕವೋ ಮೆಚ್ಚುಗೆಯೋ, ಅವನ ಮುಖ ಮೆತ್ತಗಾಗಿತ್ತು. "ನೀವು ಯೋಚನೆ ಮಾಡ್ಬೇಡಿ. ನಾನಾಗಲಿ ಮೇಷ್ಟ್ರಾಗಲಿ ಬಾಯಿ ಬಿಡಲ್ಲ. ಅಣ್ಣಂಗೆ ಗೊತ್ತಾದ್ರೆ ಕುಗ್ಗಿಹೋಗ್ತಾರೆ. ನೀವು ಹೀಗೇ ಹಿಂದೆ ನಿಂತಿರಿ, ಅಷ್ಟು ಸಾಕು. ನೀವಿದ್ರೆ ನಮಗೇನು ಭಯ?"

ಒಳ್ಳೆಯವನು, ಒಳ್ಳೆಯ ಮಾತನ್ನೇ ಆಡಿದ. ಆದರೆ ಆ ಮಾತು ಅವಳ ಸುತ್ತ ಬೇಲಿಯಂತೆ ನಿಂತಿತು. ನಿನ್ನೆಯವರೆಗೆ ಇದು ಅವಳೊಬ್ಬಳ ಗುಟ್ಟು, ಬೇಡವೆನಿಸಿದ ದಿನ ಇಳಿಸಿಡಬಹುದಾಗಿತ್ತು. ಇನ್ನು ಮೂವರು ಸೇರಿ ಕಾಯುವ ಗುಟ್ಟು. ಅವಳು ಬಾರದ ಭಾನುವಾರ ಇವರಿಬ್ಬರೂ ಅವಳ ಹಾದಿ ನೋಡುತ್ತಾರೆ.

ಮನೆಗೆ ಬರುವಾಗ ಗಂಡ ಸ್ಕೂಟರನ್ನು ಹಳ್ಳ ತಪ್ಪಿಸಿ ಮೆಲ್ಲಗೆ ಓಡಿಸಿದ. ಎಂದೂ ಇಲ್ಲದ ನಾಜೂಕು. ಒಳಗೆ ಬಂದವನೇ ಅವಳನ್ನು ಮಂಚದ ಮೇಲೆ ಕೂರಿಸಿ, ದಿಂಬು ಒರಗಿಸಿ, ತಾನೇ ಚಹಾ ಮಾಡಲು ಹೋದ. ಡಬ್ಬಿಗಳೆಲ್ಲ ತೆರೆದು ಮುಚ್ಚುವ ಸದ್ದಾಯಿತು.

"ಸಕ್ಕರೆ ಯಾವುದರಲ್ಲಿದೆ?"

"ಸಕ್ಕರೆ ಅಂತ ಬರೆದಿರೋದರಲ್ಲಿ."

"ಬರೆದಿರೋದನ್ನ ನಂಬಿ ಇವತ್ತು ಆಗಿದ್ದು ಸಾಕು," ಎಂದು ಅವನು ಅಲ್ಲಿಂದಲೇ ಹೇಳಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಚಹಾ ಕಷಾಯದಂತಿತ್ತು. ಅವನು ಮಂಚದ ಅಂಚಿನಲ್ಲಿ ಕೂತು ಅವಳು ಕುಡಿಯುವುದನ್ನೇ ನೋಡಿದ.

"ನಿಂಗೆ ಎಷ್ಟು ದಿನದಿಂದ ಹೀಗೆ ಆಗ್ತಿದೆ? ನಿಜ ಹೇಳು."

"ಹೇಗೆ?"

"ಬೆನ್ನು ನೋವು ಅಂತೀಯ, ಹಸಿವು ಅಂತೀಯ, ಸುಸ್ತು ಅಂತೀಯ. ಪ್ರತಿ ಭಾನುವಾರ ಒಂದೊಂದು. ನಾನು ದಡ್ಡ, ನಗೆಯಾಡ್ಕೊಂಡು ಬಂದೆ. ಬಿಸಿಲು ನಿನಗೆ ಆಗ್ತಿಲ್ಲ. ಮುಂದಿನ ವಾರದಿಂದ ನೀನು ಬರಲೇಬೇಡ. ಮನೇಲಿ ಆರಾಮಾಗಿರು, ಇಲ್ಲ ಎಲ್ಲಿಗೆ ಬೇಕೋ ಹೋಗು. ನಾಳೆ ಸಂಜೆ ಗ್ಯಾರೇಜು ಬೇಗ ಮುಚ್ಚಿ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ತಲೆ ಸುತ್ತೋದು ಕಿವಿಯಿಂದಲೂ ಆಗುತ್ತಂತೆ, ಗೊತ್ತಾ? ಒಳಗೆ ಏನೋ ನೀರು ಏರುಪೇರಾಗುತ್ತಂತೆ. ಕಿವಿ ಡಾಕ್ಟರಿಗೇ ತೋರಿಸೋಣ."

ಅವಳು ಲೋಟವನ್ನು ಬಾಯಿಗೆ ಅಡ್ಡ ಹಿಡಿದಳು.

ಅವನು ರೆಕ್ಕೆ ಒರೆಸಲು ಹಿತ್ತಲಿಗೆ ಹೋದ ಮೇಲೆ ಅವಳು ಮಂಚದ ಮೇಲೆಯೇ ಕೂತಿದ್ದಳು. ಬೇಡಿಕೊಳ್ಳದೆಯೇ ಭಾನುವಾರ ಅವಳ ಮಡಿಲಿಗೆ ಬಂದು ಬಿದ್ದಿತ್ತು. ಬರಬೇಡ ಎಂದು ಅವನೇ ಹೇಳಿದ. ನಾಳೆ ಡಾಕ್ಟರಮ್ಮನಿಗೆ ಹೂಂ ಎನ್ನಬಹುದು. ಯಾರೂ ಕೆಟ್ಟವರಾಗುವುದಿಲ್ಲ, ಯಾರ ಮನಸ್ಸೂ ನೋಯುವುದಿಲ್ಲ. ಬಿಸಿಲು ಆಗದ ಹೆಂಡತಿ, ಕಾಳಜಿಯ ಗಂಡ. ಹುಡುಗಿಯರ ಮುಂದೆ ಅವಳು ಮೇಣ ಬಿಸಿಮಾಡುತ್ತಿರುತ್ತಾಳೆ. ಅದೇ ಹೊತ್ತಿಗೆ ಬಯಲಿನಲ್ಲಿ ವಿಮಾನ ಮಕ್ಕಳನ್ನು ದಾಟಿ ತಿರುಗುತ್ತದೆ, ಸೆಟ್ಟು ಕೂಗುತ್ತದೆ. ಅವಳ ಜಾಗದಲ್ಲಿ ಯಾರೋ ನಿಂತು ನೀರು ಕುಡೀತೀರಾ ಅಣ್ಣ ಎನ್ನುತ್ತಾರೆ. ಒಂದು ದಿನ ಅವರೂ ಬರುವುದಿಲ್ಲ.

ಅಲಾರಂ ಕೆಟ್ಟಿದೆ ಎಂದು ಅವನು ಸೆಟ್ಟನ್ನು ಬಿಚ್ಚಿಡುತ್ತಾನೆ, ಕೆಡದೇ ಇರುವುದನ್ನು ರಿಪೇರಿ ಮಾಡುತ್ತ ಕೂರುತ್ತಾನೆ. ಗಾಡಿಯ ತೆಳ್ಳನೆಯ ಸದ್ದೊಂದು ತಪ್ಪಿಹೋಗಿ ಯಾರೋ ಗಿರಾಕಿ ಬಂದು ಗಲಾಟೆ ಮಾಡಿದಾಗಲೂ ಅವನಿಗೆ ಕಾರಣ ತಿಳಿಯುವುದಿಲ್ಲ. ಇಷ್ಟು ದಿನ ಅವಳು ಅವನ ಮರ್ಯಾದೆ ಕಾಯುತ್ತಿದ್ದೇನೆ ಎಂದುಕೊಂಡಿದ್ದಳು. ಈಗ ಯೋಚಿಸಿದರೆ, ಅವನ ಮುಖ ಸಪ್ಪಗಾಗುವುದನ್ನು ನೋಡಲಾರದ ತನ್ನ ಅಳುಕನ್ನೂ ಅದರ ಜೊತೆ ಕಟ್ಟಿ ಕಾಯುತ್ತಿದ್ದಳು.

ಮೇಷ್ಟ್ರು ಹೇಳಬಹುದು. ಮಾತ್ರೆ ಅಂಗಡಿಯವನು ಹೇಳಬಹುದು. ಕಿವಿಯ ಡಾಕ್ಟರೇ ಹೇಳಬಹುದು, ಹೇಳುವುದು ಅವರ ಕೆಲಸ. ಬೇರೆಯವರ ಬಾಯಿಂದ ಕೇಳಿದರೆ ಅವನು ಅವಳ ಕಡೆ ತಿರುಗಿ ನೋಡುವ ನೋಟವನ್ನು ಅವಳು ಊಹಿಸಿಕೊಂಡಳು. ನಿಂಗೆ ಗೊತ್ತಿತ್ತಾ, ಎನ್ನುವ ನೋಟ. ಬೇಡ. ಅದಾಗುವುದು ಬೇಡ.

ನಾಳೆ ಸಂಜೆ ಅವನು ಕರೆದುಕೊಂಡು ಹೋಗಲಿ. ಹೋಗುವ ಮೊದಲು, ಗ್ಯಾರೇಜಿನ ಕೆಲಸದ ಹುಡುಗರೆಲ್ಲ ಹೊರಟ ಮೇಲೆ, ಅವನು ಕೈಯ ಗ್ರೀಸು ಒರೆಸುತ್ತ ನಿಂತಿರುವಾಗ ಅವಳೇ ಅಲ್ಲಿಗೆ ಹೋಗುತ್ತಾಳೆ. ತಲೆ ಸುತ್ತಿದ್ದು ಸುಳ್ಳು ಎನ್ನುವುದರಿಂದಲೇ ಶುರುಮಾಡುತ್ತಾಳೆ. ಅವನು ಕೂಗಾಡಬಹುದು, ಮಾತು ಬಿಡಬಹುದು. ಸ್ಕ್ರೂಡ್ರೈವರನ್ನು ಎತ್ತಿ ಎಂಜಿನ್ನಿಗೆ ಒತ್ತಿ, ನೋಡು ಕೇಳಿಸುತ್ತೆ ಎನ್ನಬಹುದು. ಕೇಳಿಸುವುದು ನಿಜ, ಕೇಳಿಸದ್ದೂ ನಿಜ ಎನ್ನುತ್ತಾಳೆ. ಆಮೇಲೆ ಇಬ್ಬರೂ ಕಿವಿಯ ಡಾಕ್ಟರ ಬಳಿಗೆ ಹೋಗಬೇಕು, ಯಾರ ಕಿವಿ ತೋರಿಸಬೇಕೋ ಅವರದನ್ನು ತೋರಿಸಲು. ಭಾನುವಾರದ ತರಗತಿಯ ಮಾತನ್ನೂ ಅವನಿಗೆ ಅಲ್ಲೇ ಹೇಳಬೇಕು. ಬಿಸಿಲಿನ ನೆಪದಲ್ಲಲ್ಲ, ತನಗೆ ಬೇಕು ಎಂದು.

"ಎದ್ಯಾ? ಮಲಗು ಅಂದ್ನಲ್ಲ," ಅವನು ಹಿತ್ತಲಿನಿಂದ ಕೂಗಿದ. ಅವಳ ಕಾಲು ನೆಲ ಮುಟ್ಟಿದ ಸದ್ದು ಅವನಿಗೆ ಕೇಳಿಸಿತ್ತು. "ನಾಳೆ ಎಷ್ಟು ಹೊತ್ತಿಗೆ ಹೋಗೋಣ?"

"ನೀವು ಗ್ಯಾರೇಜು ಮುಚ್ಚೋ ಹೊತ್ತಿಗೆ ನಾನೇ ಅಲ್ಲಿಗೆ ಬರ್ತೀನಿ," ಎಂದಳು.

"ಬಿಸಿಲಲ್ಲಿ ನಡ್ಕೊಂಡು ಬರ್ಬೇಡ."

"ಇಲ್ಲ ಬಿಡಿ," ಎನ್ನುತ್ತ ಅವಳು ಖಾಲಿ ಲೋಟವನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು.